ಕಲಬುರಗಿ ಬಿಸಿಲಿನಲ್ಲಿ ಬರೆಯುವುದು, ಬಿಡಿಸುವುದು, ಕೆತ್ತುವುದು ಯಾವ ಹೊತ್ತಿನಲ್ಲಿ?

ಕಚೇರಿ ಕಥೆಗಾರ, ಕಲಬುರಗಿ · ಶನಿವಾರ ರಾತ್ರಿ 9.20

ಏಪ್ರಿಲ್, ಮೇ ಬಂತೆಂದರೆ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳ ಸಮಯ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಕುಳಿತರೆ ಮಧ್ಯಾಹ್ನ 1.30ಕ್ಕೆ ಬೀಗ. ಬೆಂಗಳೂರಿನ ಗೆಳೆಯರು ಇದನ್ನು ಕೇಳಿ ಹೊಟ್ಟೆಕಿಚ್ಚು ಪಡುತ್ತಾರೆ. "ಮಧ್ಯಾಹ್ನವೆಲ್ಲ ನಿನ್ನದೇ, ಕಾದಂಬರಿ ಮುಗಿಸಿಬಿಡು" ಎನ್ನುತ್ತಾರೆ. ಹೊರಗೆ 43 ಡಿಗ್ರಿ ಇರುವಾಗ, ಕೂಲರಿನ ನೀರು ಮುಗಿದಿರುವಾಗ, ಕರ್ತೃ ಯಾವುದು ಕ್ರಿಯಾಪದ ಯಾವುದು ಎಂದು ತಿಳಿಯದಷ್ಟು ತಲೆ ಕಾದಿರುವಾಗ ಕಾದಂಬರಿ ಬರೆಯುವುದು ಹೇಗೆಂದು ಮಾತ್ರ ಅವರು ಹೇಳಿಕೊಡುವುದಿಲ್ಲ.

ದೊಡ್ಡ ಲೇಖಕರ ದಿನಚರಿ ಓದುವ ಚಟ ನನಗಿದೆ. ಕಾಫ್ಕಾ ಪ್ರಾಗ್ ನಗರದ ಕಾರ್ಮಿಕ ಅಪಘಾತ ವಿಮಾ ಸಂಸ್ಥೆಯಲ್ಲಿ ನೌಕರನಾಗಿದ್ದ. ಅವನ ಕಚೇರಿಯೂ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತಿತ್ತು. ಊಟ, ನಿದ್ದೆ, ಒಂದು ಸುತ್ತು ನಡಿಗೆ, ಮನೆಯವರೊಂದಿಗೆ ರಾತ್ರಿಯೂಟ, ಎಲ್ಲ ಮುಗಿದ ಮೇಲೆ ಹತ್ತು ಹನ್ನೊಂದರ ಸುಮಾರಿಗೆ ಬರೆಯಲು ಕೂರುತ್ತಿದ್ದ. ಇಂಗ್ಲೆಂಡಿನ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ಅಧಿಕಾರಿ. ಬೆಳಿಗ್ಗೆ 5.30ಕ್ಕೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕೂತರೆ ಪ್ರತಿ ಕಾಲು ಗಂಟೆಗೆ 250 ಪದ. ಮೂರು ಗಂಟೆ ಬರೆದು, ಸ್ನಾನ ಮಾಡಿ, ಕಚೇರಿಗೆ ಹೋಗುತ್ತಿದ್ದ. ಹೀಗೆ 47 ಕಾದಂಬರಿ ಬರೆದ ಮಹಾನುಭಾವ ಅವನು.

ಇವರೂ ನೌಕರರು, ನಾನೂ ನೌಕರ. ಅದಕ್ಕೇ ಕೇಳುತ್ತಿದ್ದೇನೆ: ಕಲಬುರಗಿ, ಬೀದರ್, ಯಾದಗಿರಿ ಕಡೆ ಬರೆಯುವವರು, ಹಾಡುವವರು, ಚಿತ್ರ ಬಿಡಿಸುವವರು, ಕೈಕೆಲಸದವರು ಯಾವ ಹೊತ್ತಿನಲ್ಲಿ ಕೂರುತ್ತೀರಿ? ಮೊದಲ ಸಾಲು, ಮೊದಲ ಗೆರೆ ಎಲ್ಲಿಂದ ಬರುತ್ತದೆ? ಒಂದು ವಿನಂತಿ ಇದೆ. "ಮನಸ್ಸಿದ್ದರೆ ಮಾರ್ಗ" ಎಂಬ ಉಪದೇಶ ಬೇಡ. ಅದು ನಮ್ಮ ಕಚೇರಿಯ ಗೋಡೆಯ ಮೇಲೆಯೇ ಇದೆ.

ಹಳೆ ಪುಸ್ತಕ, ಯಾದಗಿರಿ · ಶನಿವಾರ ರಾತ್ರಿ 10.05

ಟ್ರಾಲಪ್ ಬಗ್ಗೆ ಒಂದು ಮಾತನ್ನು ನೀವು ಬಿಟ್ಟಿರಿ. ಅವನನ್ನು ಬೆಳಿಗ್ಗೆ ಎಬ್ಬಿಸಿ ಕಾಫಿ ಕೊಡಲು ಒಬ್ಬ ಹಳೆಯ ಆಳು ಇದ್ದ. ಆ ಕೆಲಸಕ್ಕಾಗಿಯೇ ವರ್ಷಕ್ಕೆ 5 ಪೌಂಡ್ ಹೆಚ್ಚುವರಿ ಸಂಬಳ. ತನ್ನ ಯಶಸ್ಸಿನಲ್ಲಿ ಆ ಮನುಷ್ಯನ ಪಾಲು ಎಲ್ಲರಿಗಿಂತ ದೊಡ್ಡದು ಎಂದು ಟ್ರಾಲಪ್ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಕನಿಷ್ಠ ಅವನು ಒಪ್ಪಿಕೊಂಡ. ಉಳಿದವರ ದಿನಚರಿಯಲ್ಲಿ "ಬೆಳಿಗ್ಗೆ ತಿಂಡಿ ತಿಂದು ಬರೆಯಲು ಕುಳಿತ" ಎಂದಷ್ಟೇ ಇರುತ್ತದೆ. ತಿಂಡಿ ಮಾಡಿದವರು ಯಾರು, ತಟ್ಟೆ ತೊಳೆದವರು ಯಾರು ಎಂಬ ಸುದ್ದಿಯೇ ಇಲ್ಲ.

ನಮ್ಮ ಜಿಲ್ಲೆಯಲ್ಲೂ ಒಬ್ಬ ಕಾದಂಬರಿಕಾರ ಅಧಿಕಾರಿ ಇದ್ದನಲ್ಲ, ಸುರಪುರದ ಫಿಲಿಪ್ ಮೆಡೋಸ್ ಟೇಲರ್. 1839ರಲ್ಲಿ ಬಂದ ಠಗ್ಗರ ಕುರಿತ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರಾಗಿದ್ದವನು. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ ಈಗಲೂ ಟೇಲರ್ ಮಂಜಿಲ್ ಎಂದೇ ಪ್ರಸಿದ್ಧ. ಅಲ್ಲಿ ನಿಂತರೆ ಗಾಳಿ ಚೆನ್ನಾಗಿ ಬೀಸುತ್ತದೆ. ಗುಡ್ಡದ ಗಾಳಿ, ಪಂಕಾ ಎಳೆಯಲು ಆಳು: ಇಷ್ಟಿದ್ದರೆ ನಮ್ಮ ಬಿಸಿಲಿನಲ್ಲೂ ಏನನ್ನಾದರೂ ಬರೆಯಬಹುದು ಎಂದು ನನಗೆ ಪ್ರತಿಸಲವೂ ಅನಿಸಿದೆ.

ರೊಟ್ಟಿ ಮತ್ತು ಕಥೆ, ಆಳಂದ · ಶನಿವಾರ ರಾತ್ರಿ 11.30

ಹಳೆ ಪುಸ್ತಕದ ಅಣ್ಣನವರು ತಟ್ಟೆ ತೊಳೆಯುವವರ ಸುದ್ದಿ ಎತ್ತಿದ್ದಕ್ಕೆ ಬರೆಯುವ ಧೈರ್ಯ ಬಂತು. ತಟ್ಟೆ ತೊಳೆದು ಈಗ ಕುಳಿತಿದ್ದೇನೆ, ಸಮಯ ನೋಡಿ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಕಥೆ ಬರೆಯುತ್ತೇನೆ, ಕೆಲವು ಅಚ್ಚಾಗಿವೆ. "ಬರೆಯಲು ಕೂರುವ ಹೊತ್ತು" ಎಂಬುದು ನನ್ನ ದಿನದಲ್ಲಿ ಇಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ತಲೆ ಖಾಲಿ ಇರುತ್ತದೆ. ಆಗ ಒಂದು ವಾಕ್ಯವನ್ನು ಹಿಡಿದು ತಿರುವುತ್ತೇನೆ. ಒಂದೇ ವಾಕ್ಯ. ಅತ್ತೆ ಏನಾದರೂ ಕೇಳಿದರೆ ಉತ್ತರ ಕೊಟ್ಟು ಮತ್ತೆ ಅಲ್ಲಿಗೇ ಬರುತ್ತೇನೆ. ಶಾಲೆಗೆ ಹೋಗುವ ಬಸ್ಸಿನಲ್ಲಿ ಅದಕ್ಕೆ ಎರಡನೆಯ ವಾಕ್ಯ ಸೇರುತ್ತದೆ. ಬಸ್ಸಿಳಿಯುವ ಮುಂಚೆ ಮೊಬೈಲಿನಲ್ಲಿ ಮೆಲ್ಲಗೆ ಹೇಳಿ ಧ್ವನಿಮುದ್ರಿಸಿಕೊಳ್ಳುತ್ತೇನೆ. ಪಕ್ಕದವರು ಯಾರೊಂದಿಗೋ ಫೋನಿನಲ್ಲಿ ಮಾತನಾಡುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಒಮ್ಮೆ ಕಥೆಯ ಪಾತ್ರದ ಬೈಗುಳವನ್ನು ಮುದ್ರಿಸುತ್ತಿದ್ದೆ. ಎದುರಿನ ಸೀಟಿನ ಅಜ್ಜಿ "ಗಂಡನಿಗೆ ಹಾಗೆಲ್ಲ ಅನ್ನಬಾರದು ತಾಯಿ" ಎಂದು ಬುದ್ಧಿ ಹೇಳಿದರು. ಅಜ್ಜಿಯ ಆ ಮಾತೂ ಕಥೆಯೊಳಗೆ ಹೋಯಿತು.

ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದಾಗ ಧ್ವನಿಮುದ್ರಿಕೆಗಳನ್ನು ಕೇಳಿ ಹಾಳೆಗೆ ಇಳಿಸುತ್ತೇನೆ. ನಮ್ಮ ಮನೆಗೆ ಶಹಾಬಾದ್ ಕಲ್ಲಿನ ನೆಲ. ನೀರು ಹಾಕಿ ಒರೆಸಿ, ಫ್ಯಾನಿನ ಕೆಳಗೆ ಅದರ ಮೇಲೆಯೇ ಬೋರಲು ಮಲಗಿ ಬರೆಯುತ್ತೇನೆ. ಮೇಜು ಕುರ್ಚಿಗಿಂತ ತಂಪು.

ಟೋನಿ ಮಾರಿಸನ್ ಎಂಬ ಅಮೆರಿಕದ ಲೇಖಕಿ ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿ ದುಡಿಯುತ್ತ, ಇಬ್ಬರು ಗಂಡುಮಕ್ಕಳನ್ನು ಒಬ್ಬಳೇ ಸಾಕುತ್ತ, ಮಕ್ಕಳು ಏಳುವ ಮೊದಲು ನಸುಕಿನಲ್ಲಿ ಬರೆಯುತ್ತಿದ್ದರು. ಅವರಿಗೆ ನೊಬೆಲ್ ಬಂತು. ಅಷ್ಟು ದೂರ ಹೋಗುವುದೇಕೆ? ನಮ್ಮ ಸಾವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣ ಗಿರಣಿ ಕಾರ್ಮಿಕನ ಮಗಳು. ಪಾಠ ಹೇಳುತ್ತಲೇ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿ ಬರೆದರು. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ಗದಗ ಸಮ್ಮೇಳನದ ಅಧ್ಯಕ್ಷತೆ. ಅವರು ಎಷ್ಟು ಗಂಟೆಗೆ ಏಳುತ್ತಿದ್ದರು ಎಂದು ಯಾವ ಸಂದರ್ಶಕರೂ ಸರಿಯಾಗಿ ಕೇಳಿದಂತಿಲ್ಲ. ಪ್ರಶಸ್ತಿ ಬಂದಾಗ ಏನನಿಸಿತು ಎಂದು ಮಾತ್ರ ಎಲ್ಲರೂ ಕೇಳುತ್ತಾರೆ.

ಭೀಮಾತೀರ, ಜೇವರ್ಗಿ · ಭಾನುವಾರ ಬೆಳಿಗ್ಗೆ 7.10

ಅಕ್ಕನವರ ಅಜ್ಜಿಗೆ ನನ್ನ ನಮಸ್ಕಾರ. ಉಳಿದದ್ದಕ್ಕೆ ನನ್ನ ತಕರಾರಿದೆ.

ಗಡಿಯಾರ ಇಟ್ಟುಕೊಂಡು ಕಾಲು ಗಂಟೆಗೆ ಇಷ್ಟು ಪದ ಎಂದು ಅಳೆಯುವುದಕ್ಕೆ ಸಾಹಿತ್ಯವೇನು ಉದ್ಯೋಗ ಖಾತ್ರಿ ಕೆಲಸವೇ? ಕಾದಂಬರಿಯವರು ಮಾಡಿಕೊಳ್ಳಲಿ. ಕವಿತೆ ಹಾಗೆ ಬರುವುದಿಲ್ಲ. ನಾನು ಆರು ತಿಂಗಳು ಏನೂ ಬರೆಯದೆ ಇರುತ್ತೇನೆ, ಹೊಲದ ಕೆಲಸ ನೋಡುತ್ತೇನೆ. ತೊಗರಿ ರಾಶಿ ಮುಗಿದ ಮೇಲೆ ಒಂದು ರಾತ್ರಿ ಇದ್ದಕ್ಕಿದ್ದಂತೆ ನಾಲ್ಕು ಪದ್ಯ ಬರುತ್ತವೆ. ನೀವೇ ಹೇಳಿದ ಕಾಫ್ಕಾನನ್ನು ತೆಗೆದುಕೊಳ್ಳಿ. 1912ರ ಸೆಪ್ಟೆಂಬರ್ 22ರ ರಾತ್ರಿ ಹತ್ತಕ್ಕೆ ಕುಳಿತವನು ಬೆಳಗಿನ ಆರಕ್ಕೆ ಒಂದು ಇಡೀ ಕಥೆ ಮುಗಿಸಿ ಎದ್ದ. ಬರೆದರೆ ಹಾಗೆಯೇ ಬರೆಯಬೇಕು ಎಂದು ಡೈರಿಯಲ್ಲಿ ತಾನೇ ಬರೆದುಕೊಂಡ. ಅದು ಯಾವ ದಿನಚರಿಯಿಂದ ಬಂತು?

ಹಳೆ ಪುಸ್ತಕ, ಯಾದಗಿರಿ · ಭಾನುವಾರ ಬೆಳಿಗ್ಗೆ 8.00

ಡೈರಿಯಲ್ಲಿ ಬರೆದುಕೊಂಡ ಎಂದು ನೀವೇ ಹೇಳಿದಿರಲ್ಲ ಕವಿಗಳೇ. ಆ ರಾತ್ರಿಗೆ ಮುಂಚೆಯೇ ವರ್ಷಗಟ್ಟಲೆ ಆ ಡೈರಿ ತುಂಬುತ್ತ ಬಂದಿತ್ತು. ಅರ್ಧಕ್ಕೆ ನಿಂತ ಕಥೆಗಳು, ತಲೆನೋವು, ಅಪ್ಪನ ಮೇಲಿನ ಸಿಟ್ಟು, ಪಕ್ಕದ ಕೋಣೆಯ ಗದ್ದಲ, ಎಲ್ಲವೂ ಅದರಲ್ಲಿವೆ. ಆ ಎಂಟು ಗಂಟೆ ಅವನಿಗೆ ಪುಕ್ಕಟೆ ಸಿಗಲಿಲ್ಲ.

ಬಿದ್ರಿ ಉಳಿ, ಬೀದರ್ · ಭಾನುವಾರ ಮಧ್ಯಾಹ್ನ 2.45

ಮಧ್ಯಾಹ್ನ ಎರಡೂಮುಕ್ಕಾಲಿಗೆ ನಾನು ಮೊಬೈಲ್ ಹಿಡಿದಿದ್ದೇನೆ ಎಂದರೆ ಆ ಹೊತ್ತಿನಲ್ಲಿ ಕೆತ್ತನೆ ನಡೆಯುತ್ತಿಲ್ಲ ಎಂದು ತಿಳಿಯಿರಿ. ಮೊದಲ ಪ್ರಶ್ನೆಗೆ ಅದೇ ಉತ್ತರ.

ನಮ್ಮದು ಅಜ್ಜನ ಕಾಲದಿಂದ ಬಂದ ಬಿದ್ರಿ ಕೆಲಸ. ಇದರಲ್ಲಿ ಹೊತ್ತನ್ನು ನಿರ್ಧರಿಸುವುದು ನಾವಲ್ಲ, ಲೋಹ ಮತ್ತು ಬೆಳಕು. ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಕರಗಿಸಿ ಮಣ್ಣಿನ ಅಚ್ಚಿಗೆ ಎರಕ ಹೊಯ್ಯುತ್ತೇವೆ. ಭಟ್ಟಿಯ ಕೆಲಸ ಬೇಸಿಗೆಯಲ್ಲಿ ನಸುಕಿನಲ್ಲಿ ಮಾತ್ರ. ಬಿಸಿಲೇರಿದ ಮೇಲೆ ಭಟ್ಟಿಯ ಮುಂದೆ ಕೂರುವ ಶಿಕ್ಷೆಯನ್ನು ಯಾರಿಗೂ ಕೊಡಬಾರದು. ಎರಕ ಆರಿದ ಮೇಲೆ ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರುತ್ತೇವೆ. ಆಗ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಗೀರಿದ ಗೆರೆ ಬೆಳ್ಳಗೆ ಕಾಣುತ್ತದೆ. ಆ ಕಪ್ಪಿನ ಮೇಲೆ ಮೊನೆಯಿಂದ ಹೂಬಳ್ಳಿ ಬಿಡಿಸುವುದು, ಉಳಿಯಿಂದ ಕೊರೆಯುವುದು, ಕೊರೆದ ಕಾಲುವೆಗೆ ಬೆಳ್ಳಿ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುವುದು. ಇದಕ್ಕೆ ಬೆಳಗಿನ ಬೆಳಕೇ ಬೇಕು. ಬಲ್ಬಿನ ಬೆಳಕು ಲೋಹದ ಮೇಲೆ ಹೊಳೆದು ಕಣ್ಣಿಗೆ ಹೊಡೆಯುತ್ತದೆ, ಗೆರೆಯ ಆಳ ತಿಳಿಯುವುದಿಲ್ಲ. ಆದ್ದರಿಂದ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ನಮ್ಮ ಅಂಗಳದಲ್ಲಿ ಮಾತೇ ಇರುವುದಿಲ್ಲ.

ಬೆಳ್ಳಿ ಕೂರಿಸಿ ಮತ್ತೆ ಉಜ್ಜಿದರೆ ಆ ತಾತ್ಕಾಲಿಕ ಕಪ್ಪು ಹೋಗುತ್ತದೆ. ಆಗ ಬೂದು ಸತು, ಬಿಳಿ ಬೆಳ್ಳಿ ಎರಡೂ ಬೆರೆತು ಹೂವು ಎಲ್ಲಿ ನೆಲ ಎಲ್ಲಿ ಎಂದು ಸರಿಯಾಗಿ ಕಾಣುವುದಿಲ್ಲ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಮತ್ತು ನೀರು ಸೇರಿಸಿ, ಬಿಸಿ ಮಾಡಿದ ವಸ್ತುವಿಗೆ ಸವರಿದಾಗ ಸತುವಿನ ಭಾಗ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಮಣ್ಣು ಸರಿಯಿದೆಯೇ ಎಂದು ನಾಲಿಗೆಗೆ ಹಚ್ಚಿ ನೋಡುವುದು ನಮ್ಮ ಹಿರಿಯರ ರೂಢಿ, ನಾನೂ ಹಾಗೆಯೇ ನೋಡುತ್ತೇನೆ. ಅಂದರೆ ವಾರಗಟ್ಟಲೆ ಕೆಲಸ ಮಾಡುವಾಗ ಕೊನೆಯ ರೂಪ ಕಣ್ಣಿಗೆ ಬೀಳುವುದೇ ಇಲ್ಲ. ಜೇವರ್ಗಿಯ ಕವಿಗಳು ಹೇಳುವ "ಇದ್ದಕ್ಕಿದ್ದಂತೆ" ನಮಗೆ ಇರುವುದು ಈ ಕೊನೆಯ ಕೆಲವು ನಿಮಿಷ ಮಾತ್ರ.

ನಮ್ಮ ಊರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಕ್ಯಾಮೆರಾದವರು ಬಹಳ ಜನ ಬಂದಿದ್ದರು. ಎಲ್ಲರಿಗೂ ಬೇಕಾಗಿದ್ದುದು ಆ ಕಪ್ಪಾಗುವ ದೃಶ್ಯ. ಅರದಿಂದ ಉಜ್ಜುವುದನ್ನು ಚಿತ್ರೀಕರಿಸುವವರು ನನಗಂತೂ ಇದುವರೆಗೆ ಸಿಕ್ಕಿಲ್ಲ.

ಕಚೇರಿ ಕಥೆಗಾರ, ಕಲಬುರಗಿ · ಭಾನುವಾರ ಸಂಜೆ 5.30

ಉಸ್ತಾದರೇ, ಎರಡು ಪ್ರಶ್ನೆ. ಕೈ ಮಾತು ಕೇಳದ ದಿನ ಏನು ಮಾಡುತ್ತೀರಿ? ಹೊಸ ವಿನ್ಯಾಸ ಎಲ್ಲಿಂದ ಬರುತ್ತದೆ?

ಬಿದ್ರಿ ಉಳಿ, ಬೀದರ್ · ಭಾನುವಾರ ರಾತ್ರಿ 8.15

ಕೈ ಕೇಳದ ದಿನ ಉಳಿ ಮುಟ್ಟುವುದಿಲ್ಲ. ತಂತಿ ಎಳೆಯುತ್ತೇನೆ, ಅಚ್ಚಿನ ಮಣ್ಣು ಜರಡಿ ಹಿಡಿಯುತ್ತೇನೆ, ಉಳಿಗಳನ್ನು ಮಸೆಯುತ್ತೇನೆ. ಇವು ಹೇಗಿದ್ದರೂ ಮಾಡಲೇಬೇಕಾದ ಕೆಲಸ. ಒಳ್ಳೆಯ ದಿನವನ್ನು ಇವಕ್ಕೆ ಹಾಳು ಮಾಡಬಾರದು ಎಂದು ನಮ್ಮ ಅಬ್ಬಾ (ಅಪ್ಪ) ಇವನ್ನು ಕೆಟ್ಟ ದಿನಕ್ಕೆಂದೇ ಎತ್ತಿಡುತ್ತಿದ್ದರು. ಬೆಳ್ಳಿಯ ಬೆಲೆ ಈಗ ಏರಿರುವುದನ್ನು ನೋಡಿದರೆ ಕೆಟ್ಟ ಕೈಯಲ್ಲಿ ಬೆಳ್ಳಿ ಮುಟ್ಟುವ ಧೈರ್ಯವೂ ಇಲ್ಲ.

ವಿನ್ಯಾಸದ ಮಾತು. ಅಶರ್ಫಿ ಬೂಟಿ, ಫೂಲ್‌ಜಾಡಿ ಮೊದಲಾದ ಹಳೆಯ ವಿನ್ಯಾಸಗಳು ಕೈಯಲ್ಲೇ ಇವೆ, ನೋಡದೆ ಬಿಡಿಸುತ್ತೇನೆ. ಹೊಸದು ಬೇಕಾದಾಗ ಕೋಟೆಯೊಳಗಿನ ರಂಗೀನ್ ಮಹಲಿಗೆ ಹೋಗಿ ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸವನ್ನು ನೋಡುತ್ತ ಕೂರುತ್ತೇನೆ. ಕಪ್ಪಿನಲ್ಲಿ ಬಿಳಿಯನ್ನು ಹೇಗೆ ಹಂಚಬೇಕು ಎಂಬುದನ್ನು ಅದನ್ನು ಮಾಡಿದವರಿಗಿಂತ ಚೆನ್ನಾಗಿ ಹೇಳಿಕೊಡುವವರು ಇಲ್ಲ. ಮಹಮೂದ್ ಗವಾನ್ ಮದರಸಾದ ಗೋಡೆಯ ಮೇಲೆ ಉಳಿದಿರುವ ಬಣ್ಣದ ಹೆಂಚುಗಳಿಂದಲೂ ಎರಡು ಬಳ್ಳಿ ತೆಗೆದುಕೊಂಡಿದ್ದೇನೆ. ಮದರಸಾ 1472ರದು. ಯಾರೂ ಇನ್ನೂ ತಕರಾರು ಮಾಡಿಲ್ಲ.

ಬಣ್ಣದ ಡಬ್ಬಿ, ಕಲಬುರಗಿ · ಭಾನುವಾರ ರಾತ್ರಿ 9.00

ಕೆಟ್ಟ ದಿನಕ್ಕೆಂದೇ ಕೆಲಸ ಎತ್ತಿಡುವುದು! ಕಲಾಶಾಲೆಯಲ್ಲಿ ಕಲಿತ ವರ್ಷಗಳಲ್ಲಿ ಈ ಮಾತನ್ನು ನನಗೆ ಯಾರೂ ಹೇಳಲಿಲ್ಲ.

ನಾನು ಚಿತ್ರಕಾರ. ಹೊಟ್ಟೆಪಾಡಿಗೆ ಮೊದಲು ಅಂಗಡಿಗಳ ಬೋರ್ಡ್ ಬರೆಯುತ್ತಿದ್ದೆ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತಿತು, ಈಗ ಮಕ್ಕಳಿಗೆ ಚಿತ್ರಕಲೆ ಕಲಿಸುತ್ತೇನೆ. ನನ್ನ ದಿನಚರಿ ದಿನದ್ದಲ್ಲ, ಋತುವಿನದು. ಬೇಸಿಗೆಯಲ್ಲಿ ಅಕ್ರಿಲಿಕ್ ಬಣ್ಣ ತಟ್ಟೆಯಲ್ಲೇ ಒಣಗಿ ಸಿಪ್ಪೆಯಾಗುತ್ತದೆ. ಜಲವರ್ಣದಲ್ಲಿ ಆಕಾಶ ಬಳಿಯಲು ಹೋದರೆ ಕುಂಚ ಆ ಬದಿ ಮುಟ್ಟುವಷ್ಟರಲ್ಲಿ ಈ ಬದಿ ಒಣಗಿ ಗೆರೆ ಬೀಳುತ್ತದೆ. ಆದ್ದರಿಂದ ಮಾರ್ಚ್‌ನಿಂದ ಜೂನ್‌ವರೆಗೆ ಪೆನ್ಸಿಲ್, ಇದ್ದಿಲು, ಮತ್ತು ತಡೆದುಕೊಳ್ಳುವ ತೈಲವರ್ಣ. ಮಳೆ ಬಿದ್ದ ಮೇಲೆ ಜಲವರ್ಣ. ಇದನ್ನು ನಾನು ಆಯ್ದುಕೊಂಡೆ ಎಂದು ಜಂಬ ಕೊಚ್ಚಲಾರೆ, ಹವೆ ಆಯ್ದುಕೊಂಡಿತು.

ಸ್ಫೂರ್ತಿ ಎಂದವರಿಗೆ ಎಸ್.ಎಂ. ಪಂಡಿತರನ್ನು ನೆನಪಿಸುತ್ತೇನೆ. 1916ರಲ್ಲಿ ಇದೇ ಕಲಬುರಗಿಯಲ್ಲಿ ಹುಟ್ಟಿದವರು. ನಾವು ನಾಟಕ ನೋಡಲು ಹೋಗುವ ರಂಗಮಂದಿರಕ್ಕೆ ಅವರ ಹೆಸರಿದೆ, ಒಳಗೆ ಹೋಗುವ ಎಷ್ಟೋ ಜನರಿಗೆ ಅವರು ಯಾರೆಂದು ಗೊತ್ತಿಲ್ಲ. ಮುಂಬಯಿಯಲ್ಲಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳನ್ನು ಬರೆದು ದೇಶದ ಮನೆಮನೆಯ ಗೋಡೆಗೆ ತಲುಪಿದರು. ಕ್ಯಾಲೆಂಡರಿಗೆ ಚಿತ್ರ ಬರೆಯುವವನಿಗೆ ಸ್ಫೂರ್ತಿ ಬರಲಿಲ್ಲ ಎಂದರೆ ಜನವರಿ 1 ಮುಂದೆ ಹೋಗುತ್ತದೆಯೇ? ಸಿನಿಮಾ ಬಿಡುಗಡೆಯಾಗುವ ಶುಕ್ರವಾರ ಕಾಯುತ್ತದೆಯೇ? ಹಾಗೆ ಗಡುವಿನಲ್ಲಿ ಬರೆದ ಕೈಯ ವೇಗ, ಬಣ್ಣದ ಹೊಳಪು ಆಮೇಲೆ ಅವರು ಬರೆದ ಪುರಾಣದ ದೊಡ್ಡ ಚಿತ್ರಗಳಲ್ಲೂ ಕಾಣುತ್ತದೆ. ಹೊಟ್ಟೆಪಾಡಿನ ಕೆಲಸ ಕಲೆಯನ್ನು ಕೆಡಿಸುತ್ತದೆ ಎಂದು ನಮಗೆ ಕಲಿಸಿದ್ದನ್ನು ನಾನು ಈಗ ನಂಬುವುದಿಲ್ಲ. ಬೋರ್ಡ್ ಬರೆಯುತ್ತಿದ್ದಾಗ ನನ್ನ ಗೆರೆ ಈಗಿಗಿಂತ ಗಟ್ಟಿಯಾಗಿತ್ತು.

ಭೀಮಾತೀರ, ಜೇವರ್ಗಿ · ಭಾನುವಾರ ರಾತ್ರಿ 9.25

ಕ್ಯಾಲೆಂಡರಿಗೆ ಗಡುವು ಇರುತ್ತದೆ, ಸರಿ. ಕವಿತೆಗೆ ಯಾರು ಗಡುವು ಕೊಡುತ್ತಾರೆ?

ಬಣ್ಣದ ಡಬ್ಬಿ, ಕಲಬುರಗಿ · ಭಾನುವಾರ ರಾತ್ರಿ 9.27

ಯುಗಾದಿ ಕವಿಗೋಷ್ಠಿಯ ಹಿಂದಿನ ರಾತ್ರಿ ನಮ್ಮ ಭಾಗದಲ್ಲಿ ಹುಟ್ಟುವಷ್ಟು ಕವಿತೆ ಇಡೀ ವರ್ಷದಲ್ಲಿ ಹುಟ್ಟುವುದಿಲ್ಲ. ನೀವು ಹೇಳಿ.

ಭೀಮಾತೀರ, ಜೇವರ್ಗಿ · ಭಾನುವಾರ ರಾತ್ರಿ 9.31

ಅವುಗಳ ಗುಣಮಟ್ಟವನ್ನು ನಾನೂ ಕೇಳಿದ್ದೇನೆ. ಅದು ನನ್ನ ವಾದಕ್ಕೇ ಸಾಕ್ಷಿ.

ಏಕತಾರಿ, ಯಡ್ರಾಮಿ · ಸೋಮವಾರ ಬೆಳಿಗ್ಗೆ 6.00

ಎಲ್ಲರೂ ದಿನ ದಿನ ಎನ್ನುತ್ತೀರಿ. ನಮ್ಮ ಭಜನೆ ಮೇಳದ ಲೆಕ್ಕ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದ, ಅವರ ಶಿಷ್ಯ ಚನ್ನೂರು ಜಲಾಲಸಾಹೇಬರ ಪದ ಹಾಡುತ್ತೇವೆ. ಹಗಲು ಎಲ್ಲರೂ ಹೊಲದಲ್ಲಿ, ಗಾರೆ ಕೆಲಸದಲ್ಲಿ, ಒಬ್ಬರು ಟಂಟಂ ಆಟೊ ಓಡಿಸುತ್ತಾರೆ. ಅಮಾವಾಸ್ಯೆಯ ರಾತ್ರಿ ಮಠದಲ್ಲಿ ಸೇರಿದರೆ ಏಕತಾರಿ, ದಮ್ಮಡಿ, ತಾಳ ಇಷ್ಟೇ ವಾದ್ಯ, ಬೆಳಗಿನವರೆಗೆ ಹಾಡು.

ಅಭ್ಯಾಸ ಎಂದು ಬೇರೆ ಕೂರುವುದಿಲ್ಲ. ಟಂಟಂ ಓಡಿಸುವವರು ಓಡಿಸುತ್ತಲೇ ಗುನುಗುತ್ತಾರೆ, ಪ್ರಯಾಣಿಕರು ಬೇಡವೆಂದರೂ ಕೇಳಬೇಕು. ಹೊಸ ಪದವನ್ನು ಪುಸ್ತಕದಿಂದ ಕಲಿಯುವುದಿಲ್ಲ, ಹಿರಿಯರ ಬಾಯಿಂದ ಕಲಿಯುತ್ತೇವೆ. ಒಂದು ಪದ ಗಂಟಲಿಗೆ ಕೂರಲು ಕೆಲವೊಮ್ಮೆ ವರ್ಷ ಹಿಡಿಯುತ್ತದೆ. ಅರ್ಥ ಕೂರಲು ಇನ್ನೂ ಹೆಚ್ಚು. ಮದುವೆಗೆ ಮುಂಚೆ ಹಾಡಿದ ಪದವನ್ನೇ ಅಪ್ಪ ತೀರಿಕೊಂಡ ತಿಂಗಳಲ್ಲಿ ಹಾಡಿದೆ. ರಾಗ ಅದೇ, ಪದ ಅದೇ, ನನಗೆ ಎರಡನೆಯ ನುಡಿಯ ಮುಂದೆ ಹೋಗಲಾಗಲಿಲ್ಲ. ಮೇಳದವರು ಎತ್ತಿಕೊಂಡು ಮುಗಿಸಿದರು. ಒಬ್ಬರೇ ಬರೆಯುವವರಿಗೆ ಹೀಗೆ ಎತ್ತಿಕೊಳ್ಳುವವರು ಯಾರಿರುತ್ತಾರೆ, ತಿಳಿಯದು.

ನಿವೃತ್ತ ಮಾಸ್ತರ, ಬಸವಕಲ್ಯಾಣ · ಸೋಮವಾರ ಬೆಳಿಗ್ಗೆ 10.40

ದಿನದ ದುಡಿಮೆ ಎಂಬ ಮಾತು ಬಂದು, ಕಲ್ಯಾಣದವನು ಸುಮ್ಮನಿರುವುದು ಹೇಗೆ? ಆಯ್ದಕ್ಕಿ ಮಾರಯ್ಯನ ವಚನ ಎಲ್ಲರಿಗೂ ಗೊತ್ತು: "ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು." ಗುರು ಬಂದರೂ ಏಳಬೇಡ ಎಂದವರು ಮೊಬೈಲ್ ಗುಂಯ್‌ಗುಟ್ಟಿದರೆ ಏಳುವವರಿಗೆ ಏನನ್ನುತ್ತಿದ್ದರೋ.

ಆದರೆ ನನಗೆ ಮಾರಯ್ಯನಿಗಿಂತ ಅವನ ಹೆಂಡತಿ ಲಕ್ಕಮ್ಮ ದೊಡ್ಡವಳಾಗಿ ಕಾಣುತ್ತಾಳೆ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ತಂದ. "ಆಸೆಯೆಂಬುದು ಅರಸಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?" ಎಂದು ಕೇಳಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಟ್ರಾಲಪ್‌ನಿಗೆ ಇಂತಹ ಹೆಂಡತಿ ಇದ್ದಿದ್ದರೆ ಕಾದಂಬರಿಗಳ ಸಂಖ್ಯೆ ಕಡಿಮೆಯಾಗುತ್ತಿತ್ತು, ಒಳ್ಳೆಯದೇ ಆಗುತ್ತಿತ್ತು. ಇಂದಿಗೆ ಸಾಕು ಎಂದು ಎದ್ದು ಹೋಗುವುದು ಕೂಡ ಒಂದು ಅಭ್ಯಾಸ. ಹೆಮಿಂಗ್ವೇ ಎಂಬ ಅಮೆರಿಕದ ಲೇಖಕ ಮುಂದೆ ಏನಾಗುತ್ತದೆ ಎಂದು ಗೊತ್ತಿರುವಾಗಲೇ ಆ ದಿನದ ಬರವಣಿಗೆ ನಿಲ್ಲಿಸುತ್ತಿದ್ದ. ನಾಳೆ ಕುಳಿತ ಕೂಡಲೇ ಕೈಗೆ ಕೆಲಸ ಇರಲಿ ಎಂದು.

ಯಾದಗಿರಿಯವರು ಟೇಲರನ ಬಂಗಲೆ ತೋರಿಸಿದರು. ಅದೇ ಸುರಪುರದ ಕಡೆಯ ಮುದನೂರಿನ ಜೇಡರ ದಾಸಿಮಯ್ಯನನ್ನು ಮರೆತರು. ನೇಕಾರ. ಮಗ್ಗದ ಮುಂದೆಯೇ ವಚನ ಹುಟ್ಟಿತು.

ಭೀಮಾತೀರ, ಜೇವರ್ಗಿ · ಸೋಮವಾರ ಬೆಳಿಗ್ಗೆ 11.15

ಮಾಸ್ತರರೇ, ಮಗ್ಗದ ಮುಂದೆ ಹುಟ್ಟಿದ್ದನ್ನು ಯಾರು ಕಂಡರು? ನೇಯ್ದು ಮುಗಿಸಿ ಹೊಳೆಯ ದಂಡೆಗೆ ಹೋಗಿ ಕುಳಿತಾಗ ಹುಟ್ಟಿರಬಹುದು. ನಾವು ಶರಣರನ್ನು ನಮ್ಮ ನಮ್ಮ ವಾದಕ್ಕೆ ಸಾಕ್ಷಿಯಾಗಿ ಕರೆಯುತ್ತೇವೆ, ಅವರು ಬಂದು ಅಲ್ಲ ಎನ್ನುವಂತಿಲ್ಲ. ಆದರೆ ಲಕ್ಕಮ್ಮನ ಮಾತು ಒಪ್ಪಿದೆ. ನಾನು ಆರು ತಿಂಗಳು ಬರೆಯದಿರುವುದು ಆಸೆ ಇಲ್ಲದಿರುವುದರಿಂದಲೇ ಎಂದು ಇನ್ನು ಮುಂದೆ ಹೇಳುತ್ತೇನೆ.

ರೊಟ್ಟಿ ಮತ್ತು ಕಥೆ, ಆಳಂದ · ಸೋಮವಾರ ಮಧ್ಯಾಹ್ನ 1.50

ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ವಾಪಸು ಕಳಿಸಿದ್ದನ್ನು ಎಲ್ಲರೂ ಹೊಗಳುತ್ತೀರಿ. ಉಳಿದ ಅಕ್ಕಿಯನ್ನು ಬೇಯಿಸಿದವಳೂ ಅವಳೇ, ಬಡಿಸಿದವಳೂ ಅವಳೇ, ಅದರ ನಡುವೆ ವಚನ ಹೇಳಿದವಳೂ ಅವಳೇ. ಅವಳ ದಿನಚರಿಯನ್ನು ಬರೆದಿಡುವವರು ಇದ್ದಿದ್ದರೆ ನನಗೆ ಟ್ರಾಲಪ್ ಬೇಕಾಗಿರಲಿಲ್ಲ.

ನಿರ್ವಾಹಕರು · ಸೋಮವಾರ ಸಂಜೆ 4.00

ಸಾಹಿತ್ಯ ಸಮ್ಮೇಳನಕ್ಕೆ ಯಾರನ್ನು ಕರೆದರು, ಯಾರನ್ನು ಬಿಟ್ಟರು ಎಂಬ ಚರ್ಚೆಯ ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸಾಗಿಸಲಾಗಿದೆ. ಜಗಳ ಅಲ್ಲಿ ಮುಂದುವರಿಯಲಿ.

ಎಡಿಟಿಂಗ್ ಟೇಬಲ್, ಹುಮನಾಬಾದ್ · ಸೋಮವಾರ ರಾತ್ರಿ 11.55

ನಾನು ನಿಮ್ಮೆಲ್ಲರಿಗಿಂತ ಚಿಕ್ಕವನು. ಮದುವೆ ವಿಡಿಯೊ ಸಂಕಲನ ನನ್ನ ಉದ್ಯೋಗ, ಕಿರುಚಿತ್ರ ನನ್ನ ಆಸೆ. ಜಪಾನಿನ ಮುರಕಾಮಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಐದಾರು ಗಂಟೆ ಬರೆದು, ಹತ್ತು ಕಿಲೋಮೀಟರ್ ಓಡಿ, ರಾತ್ರಿ ಒಂಬತ್ತಕ್ಕೆ ಮಲಗುತ್ತಾನಂತೆ. ಕಾದಂಬರಿ ಬರೆಯುವ ಅವಧಿಯಲ್ಲಿ ಒಂದು ದಿನವೂ ತಪ್ಪಿಸುವುದಿಲ್ಲವಂತೆ. ನನಗೆ ಮದುವೆ ಸುಗ್ಗಿಯಲ್ಲಿ ಮಲಗುವುದೇ ನಾಲ್ಕಕ್ಕೆ. ಹಗಲು ಚಿತ್ರೀಕರಣ, ರಾತ್ರಿ ಸಂಕಲನ, ನಡುವೆ ವಿದ್ಯುತ್ ಹೋದರೆ ಮಾಡಿದ ಕೆಲಸವೂ ಹೋಗುತ್ತದೆ. ಮುಂಜಾನೆ ಏಳದವರು ಸೋಮಾರಿಗಳು ಎಂಬಂತೆ ಎಲ್ಲರೂ ಮಾತನಾಡುವಾಗ ಮೈ ಉರಿಯುತ್ತದೆ. ನನ್ನ ಸ್ವಂತ ಚಿತ್ರಕ್ಕೆ ಯಾವ ಹೊತ್ತನ್ನು ತೆಗೆದಿಡಲಿ?

ರೊಟ್ಟಿ ಮತ್ತು ಕಥೆ, ಆಳಂದ · ಮಂಗಳವಾರ ಬೆಳಿಗ್ಗೆ 6.20

ತಮ್ಮಾ, ಮುರಕಾಮಿಯ ಗಡಿಯಾರ ಮುರಕಾಮಿಗಿರಲಿ. ಮದುವೆ ಮನೆಗಳಿಗೆ ನೀನು ಎಲ್ಲರಿಗಿಂತ ಮೊದಲು ಹೋಗುತ್ತೀಯ, ಎಲ್ಲರಿಗಿಂತ ಕೊನೆಗೆ ಬರುತ್ತೀಯ. ಹಂದರ ಹಾಕುವವರು, ಬಾಜಿಯವರು, ಅಡುಗೆಯವರು ಕಾಯುತ್ತ ಕೂತಿರುವ ಹೊತ್ತು ನಿನ್ನ ಕ್ಯಾಮೆರಾದ ಮುಂದೆಯೇ ಇದೆ. ಗಿರಾಕಿಗೆ ಬೇಡದ ಆ ದೃಶ್ಯಗಳನ್ನು ಅಳಿಸದೆ ಬೇರೆ ಕಡೆ ಕೂಡಿಡು. ಸುಗ್ಗಿ ಮುಗಿದ ಮೇಲೆ ನೋಡು. ಹೊಸದಾಗಿ ಹೊತ್ತು ತೆಗೆಯುವುದು ಆಗದ ಮಾತು.

ಹಳೆ ಪುಸ್ತಕ, ಯಾದಗಿರಿ · ಮಂಗಳವಾರ ಬೆಳಿಗ್ಗೆ 9.10

ಮತ್ತು ವಿದ್ಯುತ್ ಹೋದರೆ ಕೆಲಸ ಉಳಿಯಲು ಒಂದು ಸಣ್ಣ ಯುಪಿಎಸ್ ಕೊಳ್ಳಿ. ಅದರಷ್ಟು ಸ್ಫೂರ್ತಿ ಕೊಡುವ ವಸ್ತು ಇಲ್ಲ.

ಕಚೇರಿ ಕಥೆಗಾರ, ಕಲಬುರಗಿ · ಮಂಗಳವಾರ ಮಧ್ಯಾಹ್ನ 2.30

ಉಸ್ತಾದರ ಮಾತಿನಂತೆ ನನ್ನ ಕೆಲಸವನ್ನು ಎರಡು ಪಾಲು ಮಾಡಿದ್ದೇನೆ. ಹೊಸ ಪುಟ ಬರೆಯುವುದು ರಾತ್ರಿ ಮಾಳಿಗೆಯ ಮೇಲೆ. ಈ ಸುಡುವ ಮಧ್ಯಾಹ್ನಕ್ಕೆ ಶುದ್ಧಪ್ರತಿ ಮಾಡುವುದು, ಹೆಸರು ಊರುಗಳನ್ನು ಸರಿನೋಡುವುದು, ಅಕ್ಷರ ತಿದ್ದುವುದು. ನಿನ್ನೆ ಮತ್ತು ಇಂದು ನಡೆದಿದೆ. ಮೇ ಮುಗಿಯುವವರೆಗೆ ನಡೆಯುತ್ತದೆಯೋ ಇಲ್ಲವೋ ನೋಡಬೇಕು. ಕಾದಂಬರಿಯಲ್ಲಿ ಒಬ್ಬನೇ ಪಾತ್ರಧಾರಿಗೆ ಮೂರು ಕಡೆ ಮೂರು ಹೆಸರು ಸಿಕ್ಕಿರುವುದರಿಂದ ಮಧ್ಯಾಹ್ನಗಳಿಗೆ ಕೆಲಸದ ಕೊರತೆಯಿಲ್ಲ.

ಉಸ್ತಾದರೇ, ಬೀದರ್‌ಗೆ ಬಂದರೆ ನಿಮ್ಮ ಕೆಲಸ ನೋಡಬಹುದೇ? ಚಿತ್ರಕಾರ ಅಣ್ಣನವರೂ ಬರುತ್ತಾರಂತೆ.

ಬಿದ್ರಿ ಉಳಿ, ಬೀದರ್ · ಮಂಗಳವಾರ ಮಧ್ಯಾಹ್ನ 3.05

ಬನ್ನಿ. ಕೆತ್ತನೆ ನೋಡಬೇಕಾದರೆ ಬೆಳಿಗ್ಗೆ ಏಳಕ್ಕೆ ಚೌಬಾರ ಗೋಪುರದ ಹತ್ತಿರ ನಿಂತು ನನಗೆ ಸಂದೇಶ ಕಳಿಸಿ, ಹುಡುಗನನ್ನು ಕಳಿಸುತ್ತೇನೆ. ಹನ್ನೊಂದರವರೆಗೆ ನೋಡಬಹುದು, ಮಾತನಾಡುವಂತಿಲ್ಲ. ಎರಕ ನೋಡುವ ಆಸೆಯಿದ್ದರೆ ಹಿಂದಿನ ರಾತ್ರಿಯೇ ಬಂದು ಉಳಿಯಬೇಕು, ಅದು ನಸುಕಿನಲ್ಲೇ ಮುಗಿದುಹೋಗುತ್ತದೆ. ಕಪ್ಪು ಮಾಡುವುದನ್ನು ಮಾತ್ರ ನೋಡಲು ಬರುವುದಾದರೆ ಈ ತಿಂಗಳು ಬೇಡ. ಈಗ ಕೈಯಲ್ಲಿರುವ ಹೂದಾನಿಗೆ ಇನ್ನೂ ಅರ್ಧ ಬೆಳ್ಳಿಯೂ ಕೂತಿಲ್ಲ. ಅರ ಹಿಡಿಯಲು ಕೈ ತಯಾರಿದ್ದರೆ ಯಾವ ದಿನವಾದರೂ ಸರಿ, ಉಜ್ಜುವ ಕೆಲಸ ಬೇಕಾದಷ್ಟಿದೆ.